ಬ್ಯಾಂಕ್ ಹೋಯ್ತು, ಕಟ್ಟಡ ಉಳೀತು: ಮುಂಬೈ ಫೋರ್ಟ್‌ನಲ್ಲಿ ಆಗುತ್ತಿರುವುದೇನು?

ಅಮ್ಮನ ಹೆಸರಿಗೆ ಹೋದ ತಿಂಗಳು ಒಂದು ಕಾಗದ ಬಂತು. ಫೋರ್ಟ್‌ನಲ್ಲಿರುವ ನಿಮ್ಮ ಶಾಖೆ ಬೇರೆ ಕಟ್ಟಡಕ್ಕೆ ಹೋಗುತ್ತಿದೆ, ಲಾಕರ್ ಇರುವವರು ಬಂದು ಖಾಲಿ ಮಾಡಿಕೊಡಬೇಕು ಅಂತ. ಕಾಗದ ಕೈ ಸೇರುವ ಹೊತ್ತಿಗೆ ಅವರು ಕೊಟ್ಟ ಗಡುವಿನಲ್ಲಿ ಅರ್ಧ ಮುಗಿದೇ ಹೋಗಿತ್ತು. ಫೋನ್ ಮಾಡಿದರೆ ಯಾರೂ ಎತ್ತುವುದಿಲ್ಲ. ಯಾವ ಬ್ಯಾಂಕು ಅನ್ನುವುದು ಬೇಡ ಬಿಡಿ, ಇಂಥ ಕಾಗದ ಬಂದಿರುವುದು ನಮ್ಮೊಬ್ಬರಿಗೇ ಅಲ್ಲ.

ಅಪ್ಪ ಆ ಖಾತೆ ತೆರೆದದ್ದು ಫೋರ್ಟ್‌ನ ಒಂದು ಉಡುಪಿ ಹೋಟೆಲಿನಲ್ಲಿ ಗಲ್ಲಾದ ಮೇಲೆ ಕೂರುತ್ತಿದ್ದ ಕಾಲದಲ್ಲಿ. ಶಾಲೆಗೆ ರಜೆ ಇದ್ದರೆ ನನ್ನನ್ನೂ ಕರೆದುಕೊಂಡು ಹೋಗುತ್ತಿದ್ದರು. ಮಧ್ಯಾಹ್ನದ ಊಟದ ಗಲಾಟೆ ಶುರುವಾಗುವ ಮೊದಲು ಹೋಗಿ ಬಂದುಬಿಡಬೇಕು. ಒಳಗೆ ಕಾಲಿಟ್ಟರೆ ತಲೆ ಎತ್ತಿ ನೋಡುವಷ್ಟು ಎತ್ತರದ ಛಾವಣಿ, ಅಲ್ಲಿಂದ ಉದ್ದ ಕೊಳವೆಯಲ್ಲಿ ಇಳಿಬಿದ್ದ ಫ್ಯಾನು, ತಿರುಗುತ್ತಿದ್ದರೂ ಗಾಳಿ ಮಾತ್ರ ಕೆಳಗೆ ಬರುತ್ತಿರಲಿಲ್ಲ. ತೇಗದ ಕೌಂಟರಿನ ಅಂಚು ಜನ ಮೊಣಕೈ ಊರಿ ಊರಿ ಒಂದು ಕಡೆ ತಗ್ಗಾಗಿತ್ತು. ದುಡ್ಡು ತೆಗೆಯುವ ಚೀಟಿ ಕೊಟ್ಟರೆ ಅವರು ಒಂದು ಹಿತ್ತಾಳೆ ಟೋಕನ್ ಕೊಡುತ್ತಿದ್ದರು. ನಂಬರ್ ಕೂಗುವ ತನಕ ಅದನ್ನು ಹಿಡಿದುಕೊಳ್ಳುವುದು ನನ್ನ ಕೆಲಸ. ಕೈ ಬೆವರಿ ಹಿತ್ತಾಳೆ ವಾಸನೆ ಅಂಟುತ್ತಿತ್ತು, ಮನೆಗೆ ಬಂದು ಸೋಪು ಹಾಕಿದರೂ ಹೋಗುತ್ತಿರಲಿಲ್ಲ.

ಈಗ ವಿಷಯಕ್ಕೆ ಬರೋಣ. ಫೋರ್ಟ್‌ನ ಹಳೇ ಬ್ಯಾಂಕ್ ಕಟ್ಟಡಗಳ ಬಗ್ಗೆ ಮಾತು ಬಂದಾಗಲೆಲ್ಲ ಜನ ಕೇಳುವುದು ಒಂದೇ: ಕೆಡವುತ್ತಾರಾ? ಹೆಚ್ಚಿನವನ್ನು ಕೆಡವುವುದಿಲ್ಲ, ಸುಲಭಕ್ಕೆ ಕೆಡವಲು ಆಗುವುದೂ ಇಲ್ಲ. ನನಗೆ ಚಿಂತೆ ಇರುವುದು ಬೇರೆ ಕಡೆ. ಹೊರಗಿನ ಕಲ್ಲು ಹಾಗೇ ಇರುತ್ತದೆ, ಒಳಗಿನ ಹಾಲ್ ಹೋಗುತ್ತದೆ. ಹೋಟೆಲ್ ಹುಡುಗನೂ ಸೇಟೂ ಒಂದೇ ಬಾಗಿಲಿನಲ್ಲಿ, ಯಾರ ಅಪ್ಪಣೆಯೂ ಇಲ್ಲದೆ ಒಳಗೆ ಹೋಗಬಹುದಾಗಿದ್ದ ಹಾಲ್ ಅದು. ಅದು ಯಾಕೆ ಖಾಲಿಯಾಗುತ್ತಿದೆ ಅಂತ ತಿಳಿಯಬೇಕಾದರೆ ಅದನ್ನು ಯಾಕೆ ಕಟ್ಟಿದರು ಅನ್ನುವಲ್ಲಿಂದ ಶುರು ಮಾಡಬೇಕು.

ಹಾರ್ನಿಮನ್ ಸರ್ಕಲ್ ಪಕ್ಕದಲ್ಲಿ ಬ್ಯಾಂಕ್ ಸ್ಟ್ರೀಟ್ ಅಂತ ಒಂದು ರಸ್ತೆ ಇದೆ. ಅಲ್ಲೇ ಸ್ಟೇಟ್ ಬ್ಯಾಂಕಿನ ಮುಂಬೈ ಮುಖ್ಯ ಶಾಖೆ. ಅದರ ಬೇರು ಬ್ಯಾಂಕ್ ಆಫ್ ಬಾಂಬೆಯಲ್ಲಿದೆ. 1840ರಲ್ಲಿ ಶುರುವಾದದ್ದು, ಬಂಡವಾಳ 52 ಲಕ್ಷ ರೂಪಾಯಿ ಚಿಲ್ಲರೆ, ಅದರಲ್ಲಿ ಸರ್ಕಾರದ ಪಾಲೂ ಇತ್ತು. 1861ರ ಕಾಯ್ದೆ ಬಂದು ನೋಟು ಅಚ್ಚು ಹಾಕುವ ಹಕ್ಕನ್ನು ಸರ್ಕಾರ ತಾನೇ ಇಟ್ಟುಕೊಳ್ಳುವ ತನಕ ಈ ಬ್ಯಾಂಕು ತನ್ನದೇ ನೋಟು ಹೊರಡಿಸುತ್ತಿತ್ತು. ಆ ನೋಟಿನ ಮೇಲೆ ಟೌನ್ ಹಾಲ್ ಚಿತ್ರ. ಅದೇ ಟೌನ್ ಹಾಲ್, 1833ರಲ್ಲಿ ತೆರೆದದ್ದು, ಇವತ್ತು ಏಷ್ಯಾಟಿಕ್ ಸೊಸೈಟಿ ಅಂತ ಕರೆಯುತ್ತೇವಲ್ಲ, ಸಂಜೆ ಹುಡುಗ ಹುಡುಗಿಯರು ಮೆಟ್ಟಿಲ ಮೇಲೆ ಕೂತು ಫೋಟೋ ತೆಗೆಸಿಕೊಳ್ಳುವ ಜಾಗ. ನೋಟಿಗೆ ಬೆಲೆ ಬರುವುದೇ ನಂಬಿಕೆಯಿಂದ. ಆ ನಂಬಿಕೆ ಹುಟ್ಟಿಸಲು ಅವರು ಆರಿಸಿಕೊಂಡದ್ದು ಒಂದು ಕಟ್ಟಡವನ್ನು.

ಆದರೆ ಈ ಬ್ಯಾಂಕು ಮುಳುಗಿತು. ಆ ಕಥೆ ಗೊತ್ತಿಲ್ಲದೆ ಫೋರ್ಟ್ ಅರ್ಥವಾಗುವುದಿಲ್ಲ. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಯಿತು, ಅಲ್ಲಿಂದ ಇಂಗ್ಲೆಂಡಿನ ಗಿರಣಿಗಳಿಗೆ ಹೋಗುತ್ತಿದ್ದ ಹತ್ತಿ ನಿಂತಿತು, ಬಾಂಬೆಯಿಂದ ಹೋಗುವ ಹತ್ತಿಗೆ ಬಂಗಾರದ ಬೆಲೆ ಬಂತು. ನಮ್ಮ ಧಾರವಾಡ ಸೀಮೆಯ ಹತ್ತಿಯೂ ಅದರಲ್ಲಿತ್ತು. ಹುಬ್ಬಳ್ಳಿ ಕಡೆಯವರು ಬೇಕಾದರೆ ಬೆನ್ನು ತಟ್ಟಿಕೊಳ್ಳಬಹುದು. ದುಡ್ಡು ಬಂದು ಬಿದ್ದಿತು, ಎಲ್ಲಿ ಹಾಕಬೇಕೋ ತಿಳಿಯಲಿಲ್ಲ. ಹಾಗಾಗಿ ಕಂಪನಿಗಳು ಹುಟ್ಟಿದವು, ಬ್ಯಾಂಕುಗಳು ಹುಟ್ಟಿದವು, ಸಮುದ್ರ ತುಂಬಿಸಿ ನೆಲ ಮಾಡುತ್ತೇವೆ ಅನ್ನುವ ಕಂಪನಿಗಳೂ ಹುಟ್ಟಿದವು. ಬ್ಯಾಕ್ ಬೇ ಕಂಪನಿಯ 5,000 ರೂಪಾಯಿಯ ಷೇರು 50,000 ದಾಟಿತು. ಈ ಆಟದ ದೊಡ್ಡ ಕೈ ಹತ್ತಿ, ಷೇರು ವ್ಯಾಪಾರಿ ಪ್ರೇಮ್‌ಚಂದ್ ರಾಯ್‌ಚಂದ್. ಬ್ಯಾಂಕ್ ಆಫ್ ಬಾಂಬೆಗೆ ಮೊದಲು ಷೇರಿನ ಮೇಲೆ ಸಾಲ ಕೊಡಲು ಬೇಲಿ ಇತ್ತು. 1863ರ ಹೊಸ ಕಾಯ್ದೆ ಆ ಬೇಲಿ ಸಡಿಲ ಮಾಡಿತು. ಕೇಳಬೇಕೇ?

1865ರ ಏಪ್ರಿಲ್‌ನಲ್ಲಿ ಅಮೆರಿಕದ ಯುದ್ಧ ಮುಗಿದ ಸುದ್ದಿ ಬಂತು. ಹತ್ತಿಯ ಬೆಲೆ ಬಿತ್ತು. ಜುಲೈ 1ಕ್ಕೆ ಲೆಕ್ಕ ಚುಕ್ತಾ ಮಾಡಬೇಕಾಗಿದ್ದ ವಾಯಿದೆ ವ್ಯವಹಾರಗಳು ಒಂದರ ಮೇಲೊಂದು ಕುಸಿದವು. ಬ್ಯಾಂಕ್ ಆಫ್ ಬಾಂಬೆ 1868ರಲ್ಲಿ ಬಾಗಿಲು ಹಾಕಿತು. ತನಿಖೆಗೆ ಆಯೋಗ ಬಂತು. ಅದೇ ವರ್ಷ, ಹೆಚ್ಚು ಕಡಿಮೆ ಅದೇ ಹೆಸರಿನಲ್ಲಿ, ಹೊಸ ಬ್ಯಾಂಕೊಂದು ಶುರುವಾಯಿತು! ಅದು 1921ರಲ್ಲಿ ಬಂಗಾಳ, ಮದ್ರಾಸಿನ ಬ್ಯಾಂಕುಗಳ ಜೊತೆ ಸೇರಿ ಇಂಪೀರಿಯಲ್ ಬ್ಯಾಂಕ್ ಆಯಿತು, 1955ರ ಜುಲೈ 1ಕ್ಕೆ ಸ್ಟೇಟ್ ಬ್ಯಾಂಕ್. ಅಂದರೆ ಬೋರ್ಡ್ ಬದಲಾಗುವುದು ಈ ರಸ್ತೆಗೆ ಹೊಸದೇನಲ್ಲ.

ಅದೇ ದುಡ್ಡಿನ ಅಮಲಿನಲ್ಲಿ ಹುಟ್ಟಿದ್ದೇ ಇಂದಿನ ಹಾರ್ನಿಮನ್ ಸರ್ಕಲ್. ಆಗ ಅದು ಬಾಂಬೆ ಗ್ರೀನ್ ಅನ್ನುವ ಬಯಲು, ಹತ್ತಿ ಮೂಟೆ ರಾಶಿ ಹಾಕುತ್ತಿದ್ದ ಜಾಗ. ಗವರ್ನರ್ ಬಾರ್ಟಲ್ ಫ್ರೇರ್ ಕಾಲದಲ್ಲಿ ಕೋಟೆಯ ಗೋಡೆ ಒಡೆದರು, ಬಯಲನ್ನು ದುಂಡಗಿನ ತೋಟ ಮಾಡಿದರು, ಸುತ್ತ ಒಂದೇ ಎತ್ತರದ, ಕಮಾನು ಮೊಗಸಾಲೆಯ ಕಟ್ಟಡಗಳು ಎದ್ದವು. 1872ರ ಹೊತ್ತಿಗೆ ಎಲ್ಲ ಮುಗಿಯಿತು. ಎಲ್ಫಿನ್‌ಸ್ಟನ್ ಸರ್ಕಲ್ ಅಂತ ಹೆಸರು. ಸ್ವಾತಂತ್ರ್ಯದ ನಂತರ ಬಾಂಬೆ ಕ್ರಾನಿಕಲ್ ಸಂಪಾದಕ ಬೆಂಜಮಿನ್ ಹಾರ್ನಿಮನ್ ಹೆಸರಿಟ್ಟರು. ಪ್ರೇಮ್‌ಚಂದ್ ದುಡ್ಡು ಕಳೆದುಕೊಂಡರೂ, ಬೀಳುವ ಮೊದಲು ಕೊಟ್ಟ 2 ಲಕ್ಷದಿಂದ ಎದ್ದ ರಾಜಾಬಾಯಿ ಗೋಪುರ, ಅವರ ತಾಯಿಯ ಹೆಸರಿನದು, ಇನ್ನೂ ಗಂಟೆ ಹೊಡೆಯುತ್ತಿದೆ.

ಬ್ಯಾಂಕು ಮುಳುಗಿದ್ದನ್ನು ಕಣ್ಣಾರೆ ಕಂಡ ಊರಿನಲ್ಲಿ ಮುಂದೆ ಬಂದ ಬ್ಯಾಂಕುಗಳು ದಪ್ಪ ಕಲ್ಲಿನಲ್ಲೇ ಕಟ್ಟಿಕೊಂಡದ್ದರಲ್ಲಿ ಆಶ್ಚರ್ಯ ಇಲ್ಲ. ಮಲಾಡ್ ಕಲ್ಲು, ಕುರ್ಲಾ ಕಲ್ಲು, ಪೋರಬಂದರಿನ ಸುಣ್ಣಕಲ್ಲು, ಅಗಲ ಮೆಟ್ಟಿಲು, ಬಾಗಿಲಿಗೆ ಹಿತ್ತಾಳೆ. ನಿಮ್ಮ ದುಡ್ಡು ಎಲ್ಲಿಗೂ ಓಡಿಹೋಗಲ್ಲ ಅಂತ ಹೇಳುವ ರೀತಿ ಅದು.

ಕರಾವಳಿಯ ನಮ್ಮವರು ಮಾಡಿದ್ದು ಇದರ ತದ್ವಿರುದ್ಧ. 1906 ಅನ್ನುವ ಒಂದೇ ವರ್ಷ ನೋಡಿ. ಇಲ್ಲಿ ಬಾಂಬೆಯಲ್ಲಿ ಬ್ಯಾಂಕ್ ಆಫ್ ಇಂಡಿಯಾ ಶುರುವಾಯಿತು. ಇಲ್ಲೇ ಚಿತ್ರಾಪುರ ಸಾರಸ್ವತರ ಶಾಮರಾವ್ ವಿಠ್ಠಲ್ ಸಹಕಾರಿ ಬ್ಯಾಂಕೂ ಶುರುವಾಯಿತು. ಅತ್ತ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಕೆನರಾ ಬ್ಯಾಂಕಿನ ಬೀಜ ಹಾಕಿದರು, ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಮುಂದೆ ಕಾರ್ಪೊರೇಷನ್ ಬ್ಯಾಂಕ್ ಆದದ್ದನ್ನು 5,000 ರೂಪಾಯಿ ಬಂಡವಾಳದಲ್ಲಿ ಶುರು ಮಾಡಿದರು. ಮೊದಲ ದಿನ ಸಂಜೆ ಲೆಕ್ಕ ಹಾಕಿದರೆ ಕೈಲಿದ್ದದ್ದು 38 ರೂಪಾಯಿ 13 ಆಣೆ 2 ಪೈ. ಬ್ಯಾಂಕ್ ಆಫ್ ಬಾಂಬೆಯ 52 ಲಕ್ಷ ಎಲ್ಲಿ, ಇದು ಎಲ್ಲಿ! ಇನ್ನು ಸಿಂಡಿಕೇಟ್ ಬ್ಯಾಂಕಿನವರು 1928ರಲ್ಲಿ ಪಿಗ್ಮಿ ಶುರು ಮಾಡಿದಾಗ ಕಟ್ಟಡದ ಮಾತೇ ಇಲ್ಲ. ಬ್ಯಾಂಕೇ ಎದ್ದು ಮನೆ ಬಾಗಿಲಿಗೆ ನಡೆದು ಬಂತು, ದಿನಕ್ಕೆ 2 ಆಣೆ ಕೊಟ್ಟರೂ ಸಾಕು ಅಂದಿತು. ಕಲ್ಲಿನ ಕಂಬಕ್ಕೆ ಬದಲು ದಿನಾ ಬರುವ ಪರಿಚಯದ ಮುಖ. ಫೋರ್ಟ್‌ನ ಹೋಟೆಲುಗಳಲ್ಲಿ ದುಡಿದು ರಾತ್ರಿ ಶಾಲೆಗೆ ಹೋಗುತ್ತಿದ್ದ ನಮ್ಮ ಊರಿನ ಹುಡುಗರಿಗೆ ಈ ಎರಡು ತರಹದ ಬ್ಯಾಂಕೂ ಗೊತ್ತಿತ್ತು. ಕಲ್ಲಿನ ಬ್ಯಾಂಕಿಗೆ ಹೋಗುವಾಗ ಮಾತ್ರ ಒಗೆದ ಅಂಗಿ ಹಾಕುತ್ತಿದ್ದರು ಅಂತ ಅಪ್ಪ ಹೇಳುತ್ತಿದ್ದರು.

ಇಷ್ಟೊಂದು ಬ್ಯಾಂಕುಗಳು ಒಂದೇ ಕಡೆ ಯಾಕೆ ಗುಂಪು ಕಟ್ಟಿಕೊಂಡವು? ಇದನ್ನು ಯಾರೂ ಅಷ್ಟಾಗಿ ಯೋಚಿಸುವುದಿಲ್ಲ. ಉತ್ತರ ಕಾಗದ. ನೀವು ನನ್ನ ಬ್ಯಾಂಕಿನ ಚೆಕ್ಕನ್ನು ನಿಮ್ಮ ಬ್ಯಾಂಕಿಗೆ ಹಾಕಿದರೆ ಆ ಕಾಗದ ನನ್ನ ಬ್ಯಾಂಕಿಗೆ ಹೋಗಲೇಬೇಕು, ಅಲ್ಲಿ ಒಬ್ಬರು ಸಹಿ ನೋಡಲೇಬೇಕು. ಅದಕ್ಕೆ ಎಲ್ಲ ಬ್ಯಾಂಕಿನವರೂ ದಿನಾ ಒಂದು ಕಡೆ ಸೇರಿ ಚೆಕ್ಕಿನ ಕಟ್ಟು ಅದಲು ಬದಲು ಮಾಡಿಕೊಳ್ಳುತ್ತಿದ್ದರು. ಅದೇ ಕ್ಲಿಯರಿಂಗ್. ರಿಸರ್ವ್ ಬ್ಯಾಂಕಿನ ಕೇಂದ್ರ ಕಚೇರಿ 1937ರಲ್ಲಿ ಕಲ್ಕತ್ತಾದಿಂದ ಇಲ್ಲಿಗೆ ಬಂದ ಮೇಲಂತೂ ಫೋರ್ಟ್ ಬಿಟ್ಟು ದೂರ ಇರುವುದೇ ನಷ್ಟ. ಚೀಲ ಹೊತ್ತ ಪ್ಯೂನ್ ನಡೆದು ಹೋಗಿ ನಡೆದು ಬರುವಷ್ಟು ಹತ್ತಿರ ಇರಬೇಕು. ಹಾಗೇ ಒಳಗಿನ ಹಾಲ್ ಅಷ್ಟು ದೊಡ್ಡದಾಗಿದ್ದದ್ದೂ ಶೋಕಿಗೆ ಮಾತ್ರ ಅಲ್ಲ. ಸಾಲು ಸಾಲು ಮೇಜು, ಮೇಜಿನ ಮೇಲೆ ಎರಡು ಕೈ ಬೇಕಾಗುವಂಥ ಲೆಡ್ಜರ್, ಪ್ರತಿ ಲೆಡ್ಜರಿಗೆ ಒಬ್ಬ ಗುಮಾಸ್ತ. 1969ರ ಜುಲೈ 19ರ ರಾಷ್ಟ್ರೀಕರಣದ ನಂತರ ಗಿರಾಕಿಗಳೂ ಜಾಸ್ತಿ ಆದರು, ಗುಮಾಸ್ತರೂ ಜಾಸ್ತಿ ಆದರು.

ಆಮೇಲೆ ಕಾಗದ ಒಂದೊಂದಾಗಿ ಹೋಯಿತು. ಬ್ಯಾಂಕಿಗೆ ಕಂಪ್ಯೂಟರ್ ತರುವ ದಾರಿ ತೋರಿಸಿದ್ದು 1984ರ ರಂಗರಾಜನ್ ಸಮಿತಿ. ಯೂನಿಯನ್‌ಗಳು ಜೋರಾಗಿ ವಿರೋಧಿಸಿದವು. 1986ರಲ್ಲಿ ಮುಂಬೈಯಲ್ಲಿ ಯಂತ್ರ ಓದುವ ಚೆಕ್ ಬಂತು. 2000-01ರ ವಿಆರ್‌ಎಸ್‌ನಲ್ಲಿ, ಅಂದರೆ ಸ್ವಯಂ ನಿವೃತ್ತಿ ಯೋಜನೆಯಲ್ಲಿ, ಸರ್ಕಾರಿ ಬ್ಯಾಂಕುಗಳಿಂದ ಸುಮಾರು 1 ಲಕ್ಷ ಜನ ಹೊರಗೆ ಹೋದರು. ಎಲ್ಲ ಶಾಖೆಗಳ ಲೆಕ್ಕವನ್ನೂ ಒಂದೇ ಕಂಪ್ಯೂಟರ್ ಜಾಲಕ್ಕೆ ಸೇರಿಸುವ ಕೋರ್ ಬ್ಯಾಂಕಿಂಗ್ ಬಂದು ಲೆಡ್ಜರ್ ಮಾಯವಾಯಿತು. 2013ರಲ್ಲಿ ಮುಂಬೈಗೆ ಸಿಟಿಎಸ್ ಬಂದ ಮೇಲೆ ಚೆಕ್ಕಿನ ಫೋಟೋ ಮಾತ್ರ ಹೋಗುತ್ತದೆ, ಕಾಗದ ಹಾಕಿದಲ್ಲೇ ಉಳಿಯುತ್ತದೆ. ಪ್ಯೂನ್ ಚೀಲ ಹೊರುವ ಕೆಲಸ ಅಲ್ಲಿಗೆ ಮುಗಿಯಿತು, ಅವನ ಜೊತೆಗೆ ಫೋರ್ಟ್‌ನಲ್ಲೇ ಇರಬೇಕೆಂಬ ಕಾರಣವೂ. ಆ ಹಾಲ್ ತುಂಬಿ ತುಳುಕಿದ್ದನ್ನು ನಾನು ಕೊನೆಗೆ ನೋಡಿದ್ದು 2016ರ ನವೆಂಬರ್‌ನಲ್ಲಿ, ನೋಟು ರದ್ದಾದಾಗ. ಅದೇ ವರ್ಷ ಯುಪಿಐ ಬಂದಿತ್ತು. ಈಗ ವಡಾಪಾವ್ ಗಾಡಿಯವನೂ ಕ್ಯೂಆರ್ ತೋರಿಸುತ್ತಾನೆ.

ತಂತ್ರಜ್ಞಾನದ ಮಾತು ಎಲ್ಲರೂ ಆಡುತ್ತಾರೆ. ಬಾಡಿಗೆಯ ಮಾತು ಆಡುವವರು ಕಡಿಮೆ. ನನ್ನ ಲೆಕ್ಕದಲ್ಲಿ ದೊಡ್ಡ ಏಟು ಅದೇ. ಫೋರ್ಟ್‌ನಲ್ಲಿ ಅನೇಕ ಬ್ಯಾಂಕ್ ಶಾಖೆಗಳು ತಾವಿರುವ ಕಟ್ಟಡದ ಒಡೆಯರಲ್ಲ, ಬಾಡಿಗೆದಾರರು. 1947ರ ಬಾಂಬೆ ಬಾಡಿಗೆ ಕಾಯ್ದೆ ಬಾಡಿಗೆಯನ್ನು 1940ರ ಸೆಪ್ಟೆಂಬರ್ 1ರ ಮಟ್ಟಕ್ಕೆ ಕಟ್ಟಿಹಾಕಿತ್ತು. ಯುದ್ಧದ ಕಾಲದ ಬಾಡಿಗೆ, ದೇಶದ ಅತಿ ದುಬಾರಿ ಜಾಗದಲ್ಲಿ, ಐವತ್ತು ವರ್ಷ! ಮಾಲೀಕನಿಗೆ ಆ ದುಡ್ಡಿನಲ್ಲಿ ಛಾವಣಿಯ ಹೆಂಚು ಬದಲಾಯಿಸಲೂ ಆಗುತ್ತಿರಲಿಲ್ಲ, ಹಾಗಾಗಿ ಅವನು ಬದಲಾಯಿಸುತ್ತಲೂ ಇರಲಿಲ್ಲ. ಮಳೆಗಾಲ ಬಂದರೆ ತೇಗದ ತೊಲೆಗೆ ನೀರು, ನೀರಿನ ಹಿಂದೆ ಗೆದ್ದಲು, ಉಕ್ಕಿನ ತೊಲೆ ಇದ್ದರೆ ತುಕ್ಕು. ಬಾಡಿಗೆದಾರ ಬ್ಯಾಂಕು ಪ್ಲಾಸ್ಟರ್ ಮಾಡಿ ಪೇಂಟ್ ಹೊಡೆಸಿ ಫಾಲ್ಸ್ ಸೀಲಿಂಗ್ ಹಾಕಿಸಿ ಎಲ್ಲ ಮುಚ್ಚುತ್ತಿತ್ತು.

ಆಮೇಲೆ ಬಂದದ್ದು 1999ರ ಮಹಾರಾಷ್ಟ್ರ ಬಾಡಿಗೆ ಕಾಯ್ದೆ, ಜಾರಿಯಾದದ್ದು 2000ದ ಮಾರ್ಚ್ 31ಕ್ಕೆ. ಮನೆಯವರಿಗೆ, ಸಣ್ಣ ಅಂಗಡಿಯವರಿಗೆ ರಕ್ಷಣೆ ಉಳಿಸಿದರು. ಆದರೆ ಬ್ಯಾಂಕುಗಳಿಗೆ, ಸರ್ಕಾರಿ ಉದ್ದಿಮೆಗಳಿಗೆ, 1 ಕೋಟಿ ಅಥವಾ ಜಾಸ್ತಿ ಷೇರು ಬಂಡವಾಳ ಇರುವ ಕಂಪನಿಗಳಿಗೆ ಇಲ್ಲ ಅಂದರು. ನ್ಯಾಯವೇ ಅನ್ನಿ, ಬ್ಯಾಂಕಿಗೆ ಯಾಕೆ 1940ರ ಬಾಡಿಗೆ? ಸರ್ಕಾರಿ ಕಂಪನಿಗಳಿಗೂ ಇದು ಅನ್ವಯ ಆಗುತ್ತದೆ ಅಂತ 2008ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅಲ್ಲಿಗೆ ಮಾಲೀಕರು ಮಾರುಕಟ್ಟೆ ಬಾಡಿಗೆ ಕೇಳಲು ಶುರು ಮಾಡಿದರು, ಕೇಸು ಹಾಕಿದರು. ಬ್ಯಾಂಕಿನವರು ಕೂತು ಲೆಕ್ಕ ಹಾಕಿದರು. ಇಪ್ಪತ್ತು ಅಡಿ ಎತ್ತರದ ಹಾಲ್ ಯಾಕೆ ಬೇಕು, ಎರಡು ಕೌಂಟರ್, ಒಂದು ಎಟಿಎಂ ಸಾಕು. ದೊಡ್ಡ ಕಚೇರಿಗಳು ಅಷ್ಟರಲ್ಲಾಗಲೇ ಬಿಕೆಸಿ, ಅಂದರೆ ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸ್ ಅನ್ನುವ ಹೊಸ ಕಚೇರಿ ಬಡಾವಣೆಯ ಕಡೆ ಹೊರಟಿದ್ದವು. ಬ್ಯಾಂಕ್ ಆಫ್ ಇಂಡಿಯಾ, ಬ್ಯಾಂಕ್ ಆಫ್ ಬರೋಡಾ, ಐಸಿಐಸಿಐ ಎಲ್ಲ ಅಲ್ಲಿ ಗಾಜಿನ ಕಟ್ಟಡ ಕಟ್ಟಿಕೊಂಡವು.

ಉಳಿದ ಕೆಲಸವನ್ನು ವಿಲೀನ ಮಾಡಿತು. 2017ರಲ್ಲಿ 27 ಇದ್ದ ಸರ್ಕಾರಿ ಬ್ಯಾಂಕುಗಳು 2020ರ ಹೊತ್ತಿಗೆ 12 ಆದವು. ವಿಜಯಾ ಬ್ಯಾಂಕ್ 2019ರಲ್ಲಿ ಬರೋಡಾಕ್ಕೆ, 2020ರಲ್ಲಿ ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿಗೆ, ಸಿಂಡಿಕೇಟ್ ಕೆನರಾಗೆ. ಊರಿನಲ್ಲಿ ಇದರ ಬಗ್ಗೆ ಜನ ಅತ್ತರು, ಮೆರವಣಿಗೆ ಮಾಡಿದರು. ಮುಂಬೈಯಲ್ಲಿ ಅದರ ಅರ್ಥ ಬಹಳ ಸರಳ: ಒಂದೇ ರಸ್ತೆಯಲ್ಲಿ ಎರಡು ಬ್ಯಾಂಕು ಇದ್ದಲ್ಲಿ ಈಗ ಒಂದೇ ಬ್ಯಾಂಕಿನ ಎರಡು ಶಾಖೆ. ಎರಡರಲ್ಲಿ ಯಾವುದನ್ನು ಮುಚ್ಚುತ್ತಾರೆ? ಹಳೇ ಕಟ್ಟಡದಲ್ಲಿರುವುದನ್ನು, ಇನ್ನೇನು.

ಹಾಗಾದರೆ ಹೆರಿಟೇಜ್ ಕಾನೂನು ಏನು ಮಾಡುತ್ತದೆ ಅಂತ ನೀವು ಕೇಳಬಹುದು. ಈ ವಿಷಯದಲ್ಲಿ ಮುಂಬೈ ದೇಶಕ್ಕೇ ಮೊದಲು. 1995ರಲ್ಲೇ ನಿಯಮ ತಂದರು, ಕಟ್ಟಡಗಳಿಗೆ ಗ್ರೇಡ್ ಕೊಟ್ಟರು. ಗ್ರೇಡ್ 1 ಆದರೆ ಮುಟ್ಟುವ ಹಾಗಿಲ್ಲ ಅನ್ನುವಷ್ಟು ಬಿಗಿ, 2ರಲ್ಲಿ ಒಳಗೆ ಸ್ವಲ್ಪ ಬದಲಾವಣೆ ಮಾಡಬಹುದು, 3ರಲ್ಲಿ ಇನ್ನೂ ಸಡಿಲ. ಮೊದಲ ಎರಡು ಗ್ರೇಡಿನಲ್ಲಂತೂ ಹೆರಿಟೇಜ್ ಸಮಿತಿಯ ಕಣ್ಣು ತಪ್ಪಿಸುವಂತಿಲ್ಲ. ಇದು ದೊಡ್ಡ ವಿಷಯ, ಇಲ್ಲದಿದ್ದರೆ ಹಾರ್ನಿಮನ್ ಸರ್ಕಲ್ ಜಾಗದಲ್ಲಿ ಇಷ್ಟು ಹೊತ್ತಿಗೆ ನಲವತ್ತು ಮಹಡಿ ಎದ್ದಿರುತ್ತಿತ್ತು. ಆದರೆ ಈ ನಿಯಮ ಕಲ್ಲು, ಕಮಾನು, ಕಿಟಕಿ ನೋಡುತ್ತದೆ. ಬಾಗಿಲು ಯಾರಿಗೆ ತೆರೆದಿದೆ ಅಂತ ನೋಡುವುದಿಲ್ಲ. ಕೌಂಟರ್ ಕಿತ್ತರೆ, ಹಾಲ್ ಮಧ್ಯೆ ಗಾಜಿನ ಗೋಡೆ ಹಾಕಿ ನಾಲ್ಕು ಕಂಪನಿಗೆ ಹಂಚಿದರೆ, ಹೊರಗಿನಿಂದ ಫೋಟೋ ತೆಗೆಯುವವನಿಗೆ ಗೊತ್ತೂ ಆಗುವುದಿಲ್ಲ.

ಹಳೇ ಕಟ್ಟಡಕ್ಕೆ ಹೊಸ ಬಾಡಿಗೆದಾರ ಬಂದರೆ ನನಗೆ ಮುನಿಸಿಲ್ಲ. ಸರ್ಕಲ್‌ನ ಎಲ್ಫಿನ್‌ಸ್ಟನ್ ಬಿಲ್ಡಿಂಗ್‌ನಲ್ಲಿ 2012ರಲ್ಲಿ ಸ್ಟಾರ್‌ಬಕ್ಸ್ ತನ್ನ ಭಾರತದ ಮೊದಲ ಅಂಗಡಿ ತೆರೆಯಿತು. ಫಿಲ್ಟರ್ ಕಾಫಿ ಕುಡಿದು ಬೆಳೆದ ನಾಲಿಗೆಗೆ ಅಲ್ಲಿಯ ಬಿಲ್ಲು ಕಹಿ, ಆದರೆ ಯಾರು ಬೇಕಾದರೂ ಒಳಗೆ ಹೋಗಿ ಛಾವಣಿ ನೋಡಿ ಬರಬಹುದು, ಆ ಮಟ್ಟಿಗೆ ವಾಸಿ. ಇನ್ನೂ ಒಳ್ಳೆಯ ದಾರಿ ಉಡುಪಿಯಲ್ಲಿದೆ. ಹಾಜಿ ಅಬ್ದುಲ್ಲಾ ಸಾಹೇಬರು ಬ್ಯಾಂಕು ಶುರು ಮಾಡಿದ ಮನೆಯನ್ನೇ ಮ್ಯೂಸಿಯಂ ಮಾಡಿ ನಾಣ್ಯಗಳನ್ನು ಇಟ್ಟಿದ್ದಾರೆ. ಫೋರ್ಟ್‌ನಲ್ಲೂ ರಿಸರ್ವ್ ಬ್ಯಾಂಕಿನ ಹಣದ ಮ್ಯೂಸಿಯಂ ಇದೆ, ಸರ್ ಪಿ.ಎಂ. ರೋಡಿನ ಅಮರ್ ಬಿಲ್ಡಿಂಗ್‌ನಲ್ಲಿ, 2004ರಿಂದ. ಎಷ್ಟು ಜನ ಹೋಗಿದ್ದೀರಿ, ನಿಜ ಹೇಳಿ.

ಎಲ್ಲ ಹಾಲ್‌ಗಳನ್ನೂ ಮ್ಯೂಸಿಯಂ ಮಾಡಲು ಆಗದು, ಅದು ನನಗೂ ಗೊತ್ತು. ನಾನು ಕೇಳುವುದು ಅದಕ್ಕಿಂತ ಸಣ್ಣದು. ಬ್ಯಾಂಕಿನದೇ ಸ್ವಂತ ಕಟ್ಟಡವಾಗಿದ್ದರೆ ಕೆಳಗಿನ ಹಾಲ್‌ನಲ್ಲಿ ಶಾಖೆ ಇರಲಿ, ಮೇಲಿನ ಮಹಡಿ ಬಾಡಿಗೆಗೆ ಕೊಟ್ಟು ಆ ದುಡ್ಡಿನಲ್ಲಿ ರಿಪೇರಿ ಮಾಡಲಿ. ಸರ್ಕಾರಿ ಬ್ಯಾಂಕಿಗೆ ಇದು ಭಾರ ಆಗಬಾರದು. ಖಾಸಗಿ ಮಾಲೀಕರದಾಗಿದ್ದರೆ ಹೊಸ ಬಾಡಿಗೆದಾರನಿಗೆ ಒಪ್ಪಿಗೆ ಕೊಡುವಾಗಲೇ ಕೌಂಟರ್, ನೆಲದ ಟೈಲ್ಸ್, ತಿಜೋರಿ ಬಾಗಿಲು ಇವನ್ನು ಪಟ್ಟಿ ಮಾಡಿ ಫೋಟೋ ಸಮೇತ ದಾಖಲೆ ಇಡಬೇಕು, ಹಾಲ್ ನೋಡಲು ಜನರಿಗೆ ವರ್ಷದಲ್ಲಿ ನಾಲ್ಕು ದಿನವಾದರೂ ಬಿಡಬೇಕು. ಮಾಲೀಕನಿಗೆ ಕಟ್ಟಲಾಗದ ಜಾಗದ ಬದಲು ಟಿಡಿಆರ್, ಅಂದರೆ ಬೇರೆ ಕಡೆ ಕಟ್ಟುವ ಅಥವಾ ಮಾರಿಕೊಳ್ಳುವ ಹಕ್ಕು, ಕೊಡುವ ದಾರಿ 1995ರ ನಿಯಮದಲ್ಲೇ ಇತ್ತು, ಅಂದರೆ ಕೊಟ್ಟು ತೆಗೆದುಕೊಳ್ಳುವುದು ಹೊಸ ವಿಚಾರವೇನಲ್ಲ.

ಇದಕ್ಕೆ ಈಗಲೇ ಅವಸರ ಯಾಕೆ ಅಂದರೆ ಮೆಟ್ರೋ. 2025ರ ಅಕ್ಟೋಬರ್‌ನಲ್ಲಿ ಮೂರನೇ ಲೈನ್ ಪೂರ್ತಿ ಆಯಿತು. ಹುತಾತ್ಮ ಚೌಕದಲ್ಲಿ ಹತ್ತಿದರೆ ಗಾಡಿ ಬದಲಿಸದೆ ಬಿಕೆಸಿಯಲ್ಲಿ ಇಳಿಯಬಹುದು. ಸುರಂಗ ಕೊರೆಯುವಾಗ ಇದೇ ಫೋರ್ಟ್‌ನ ಜೆ.ಎನ್. ಪೆಟಿಟ್ ಲೈಬ್ರರಿಯವರು ಕಟ್ಟಡಕ್ಕೆ ಪೆಟ್ಟಾಗುತ್ತಿದೆ ಅಂತ ಹೈಕೋರ್ಟಿಗೆ ಹೋಗಬೇಕಾಗಿ ಬಂದಿತ್ತು. ಈಗ ಅದೇ ಲೈನಿನಿಂದ ಫೋರ್ಟ್‌ನ ಖಾಲಿ ಜಾಗಕ್ಕೆ ಮತ್ತೆ ಬೆಲೆ ಬರುತ್ತಿದೆ. ಬಾಡಿಗೆಗೆ ಕೇಳಿಕೊಂಡು ಬರುವವರು ಬಂದೇ ಬರುತ್ತಾರೆ. ಅವರಿಗೆ ಹಾಲ್ ಬೇಕು, ಕೌಂಟರ್ ಬೇಡ.

ಲಾಕರ್ ಖಾಲಿ ಮಾಡಲು ನಾನೂ ಅಮ್ಮನೂ ಒಂದು ಬುಧವಾರ ಹೋದೆವು. ಅಧಿಕಾರಿ ತಮ್ಮ ಕೀ ಹಾಕಿ ತಿರುಗಿಸಿದರು, ಆಮೇಲೆ ಅಮ್ಮನ ಕೀ. ಎರಡೂ ಇಲ್ಲದೆ ತೆರೆಯುವುದಿಲ್ಲ. ಒಳಗೆ ಒಂದು ಕರಿಮಣಿ, ಎರಡು ಜೊತೆ ಬಳೆ, ಅಪ್ಪನ ಹಳೇ ಪಾಸ್‌ಬುಕ್, ಊರಿನ ಜಾಗದ ಕಾಗದ. ಹೊಸ ಶಾಖೆಯಲ್ಲಿ ಲಾಕರ್ ಇದೆಯಂತೆ, ಈ ಸೈಜಿಂದು ಇಲ್ಲವಂತೆ, ಹೆಸರು ಬರೆಸಿ ಹೋಗಿ ಅಂದರು. ಅಮ್ಮ ಎಲ್ಲ ಕೈಚೀಲಕ್ಕೆ ಹಾಕಿ ಮೇಲೆ ಒಂದು ಟವಲ್ ಮುಚ್ಚಿದರು, ಸಂತೆಗೆ ಹೋಗಿ ಬಂದವರ ಹಾಗೆ.

ಹೊರಗೆ ಬರುವಾಗ ಹಾಲ್‌ನಲ್ಲಿ ಇಬ್ಬರು ಟೇಪ್ ಹಿಡಿದು ಅಳತೆ ತೆಗೆಯುತ್ತಿದ್ದರು. ಒಬ್ಬ ತೇಗದ ಕೌಂಟರಿನ ಮೇಲೆ ಚಾಕ್‌ನಲ್ಲಿ ಗೆರೆ ಹಾಕಿದ್ದ, ಸರಿಯಾಗಿ ಆ ತಗ್ಗಿನ ಹತ್ತಿರ. ಇದನ್ನು ಏನು ಮಾಡುತ್ತೀರಿ ಅಂತ ಕೇಳಿದೆ. ಮೇಲಿನವರು ಇನ್ನೂ ಏನೂ ಹೇಳಿಲ್ಲ, ಬಾಗಿಲಿನಿಂದ ಹೋಗುವಷ್ಟು ತುಂಡು ಮಾಡಬೇಕು ಅಷ್ಟೆ ಅಂದ. ಅಮ್ಮ ಆಗಲೇ ಮೆಟ್ಟಿಲು ಇಳಿದು ರಸ್ತೆಯಲ್ಲಿ ನಿಂತು, ಬಾ ಬೇಗ, ಟ್ರೇನಿನಲ್ಲಿ ರಷ್ ಆಗುತ್ತೆ ಅಂತ ಕರೆಯುತ್ತಿದ್ದರು.